ಗುಂಡಿಯ ಅಂಚಿನಲ್ಲಿ ನಿಂತವರು

ಇಂಗ್ಲೆಂಡಿನ ಯಾರ್ಕ್ ರೈಲು ನಿಲ್ದಾಣದಲ್ಲಿ ಇಳಿದವರು ಸಾಮಾನ್ಯವಾಗಿ ತಲೆ ಎತ್ತಿ ಚಾವಣಿ ನೋಡುತ್ತಾರೆ. ನೋಡಬೇಕಾದ್ದೇ. ಕಬ್ಬಿಣದ ಕಮಾನುಗಳು ಪ್ಲಾಟ್‌ಫಾರ್ಮಿನ ಉದ್ದಕ್ಕೂ ಬಾಗಿಕೊಂಡು ಹೋಗುವ ರೀತಿ ಬಹಳ ಚೆಂದ. ನನಗೆ ಮಾತ್ರ ಅಲ್ಲಿ ಇಳಿದಾಗಲೆಲ್ಲ ಕಾಲ ಕೆಳಗಿನ ನೆಲದ್ದೇ ಯೋಚನೆ. ಈ ನಿಲ್ದಾಣ ಕಟ್ಟಿರುವುದು ರೋಮನ್ನರ ಒಂದು ದೊಡ್ಡ ಸ್ಮಶಾನದ ಮೇಲೆ. 1870ರ ದಶಕದಲ್ಲಿ ಇಲ್ಲಿ ಮಣ್ಣು ತೋಡುತ್ತಾ ಹೋದ ಹಾಗೆ ಕಲ್ಲಿನ ಶವಪೆಟ್ಟಿಗೆಗಳು, ಸೀಸದ ಶವಪೆಟ್ಟಿಗೆಗಳು, ಮಡಕೆಗಳು, ಮೂಳೆಗಳು ಸಾಲುಸಾಲಾಗಿ ಸಿಕ್ಕವು. ಕೆಲಸ ನಿಲ್ಲಲಿಲ್ಲ. 1877ರ ಜೂನ್‌ನಲ್ಲಿ ನಿಲ್ದಾಣ ಶುರುವಾಯಿತು. ಸಿಕ್ಕಿದ್ದರಲ್ಲಿ ಒಂದಿಷ್ಟು ಹತ್ತು ನಿಮಿಷದ ನಡಿಗೆಯ ದೂರದಲ್ಲಿರುವ ಯಾರ್ಕ್‌ಷೈರ್ ಮ್ಯೂಸಿಯಂ ಸೇರಿತು. ಉಳಿದದ್ದು ಹೋಯಿತು.

ನಾನಿರುವುದು ಲೀಡ್ಸ್‌ನಲ್ಲಿ. ಯಾರ್ಕ್‌ಗೆ ರೈಲಿನಲ್ಲಿ ಅರ್ಧ ಗಂಟೆಯೂ ಬೇಡ, ಹಾಗಾಗಿ ಬಿಡುವಾದಾಗಲೆಲ್ಲ ಹೋಗುತ್ತೇನೆ. ಹೋದಷ್ಟೂ ಒಂದು ವಿಷಯ ಮನಸ್ಸನ್ನು ಕೊರೆಯುತ್ತದೆ. ಈ ಊರಿನ ಹಳೆಯದರಲ್ಲಿ ನನಗೆ ತುಂಬ ಇಷ್ಟವಾದದ್ದು ಯಾವುದನ್ನೇ ತೆಗೆದುಕೊಳ್ಳಿ, ಅದು ಏನನ್ನೋ ಒಡೆಯುವಾಗ ಸಿಕ್ಕಿದ್ದು. ಚರಂಡಿ ತೋಡುವಾಗ, ಬ್ಯಾಂಕ್ ಕಟ್ಟುವಾಗ, ಮಿಠಾಯಿ ಕಾರ್ಖಾನೆ ಕೆಡವಿ ಅಂಗಡಿಸಾಲು ಎಬ್ಬಿಸುವಾಗ. ರೋಮನ್ ಸೈನ್ಯದ ಒಂಬತ್ತನೆಯ ಪಡೆಯ ಹೆಸರಿರುವ ಪ್ರಸಿದ್ಧ ಶಾಸನ 1854ರಲ್ಲಿ ಸಿಕ್ಕಿದ್ದು ಚರಂಡಿಯ ಕೆಲಸದಲ್ಲಿ. ಆ ಪಡೆ ಬ್ರಿಟನ್ನಿನಲ್ಲಿತ್ತು ಅನ್ನುವುದಕ್ಕೆ ಇಸವಿ ಸಮೇತ ಸಿಗುವ ಕೊನೆಯ ದಾಖಲೆ ಅದೇ, ಕ್ರಿ.ಶ. 107–108ರದ್ದು. ಚರಂಡಿ ಬೇಡ ಅಂದಿದ್ದರೆ ಅದು ಇಂದಿಗೂ ಕತ್ತಲಲ್ಲೇ ಇರುತ್ತಿತ್ತು. ಹಾಗಂತ ಹಾಳುಗೆಡವಿದವರಿಗೆ ಕೈ ಮುಗಿಯಲು ನನಗೆ ಮನಸ್ಸಿಲ್ಲ. ಗುದ್ದಲಿ ಹಿಡಿದವರಿಂದಲೇ ಇದೆಲ್ಲ ಸಿಕ್ಕಿತು ಅನ್ನುವುದು ಅರ್ಧ ಮಾತು. ಪ್ರತಿ ಸಲವೂ ಗುಂಡಿಯ ಅಂಚಿನಲ್ಲಿ ಒಬ್ಬರು ನಿಂತಿದ್ದರು. ಊರಿನವರೇ. ಅವರು ನಿಂತು ನೋಡಿ ಬರೆದಿಟ್ಟದ್ದರಿಂದಲೇ ನಮಗೆ ಇಷ್ಟಾದರೂ ಉಳಿದಿದೆ. ಈ ಬರಹ ಅವರ ಬಗ್ಗೆ.

ತುರುಬು

ಯಾರ್ಕ್‌ಷೈರ್ ಮ್ಯೂಸಿಯಂನಲ್ಲಿ ಒಂದು ತುರುಬು ಇದೆ. ಕೂದಲಿನದ್ದೇ ತುರುಬು, ಚಿತ್ರವೂ ಅಲ್ಲ, ಕಲ್ಲಿನಲ್ಲಿ ಕೆತ್ತಿದ್ದೂ ಅಲ್ಲ. ನೂರಾರು ರೋಮನ್ ವಸ್ತುಗಳನ್ನು ನೋಡಿ ಕಣ್ಣು ದಣಿದ ಮೇಲೆ ನಾನು ಅದರ ಮುಂದೆ ಬಂದು ನಿಂತಿದ್ದೆ. ಕೆಂಪು ಬೆರೆತ ಕಂದು ಬಣ್ಣ. ಕೂದಲನ್ನು ಹಿಂದಕ್ಕೆ ಎಳೆದು, ಹೆಣೆದು, ಸುತ್ತಿ ಕಟ್ಟಿದ್ದಾರೆ. ಅದರೊಳಗೆ ಎರಡು ಕಪ್ಪು ಪಿನ್ನುಗಳು ಸಿಕ್ಕಿಸಿದ ಹಾಗೇ ಇವೆ. ಜೆಟ್ ಅನ್ನುವ ಕಪ್ಪು ಕಲ್ಲಿನಿಂದ ಮಾಡಿದವು, ತುದಿಯಲ್ಲಿ ಪುಟ್ಟ ಹೂಜಿಯ ಆಕಾರ ಕೆತ್ತಿದ್ದಾರೆ. ಆ ಕಲ್ಲು ಸಿಗುವುದು ಪಕ್ಕದ ವಿಟ್ಬಿ ಕರಾವಳಿಯಲ್ಲಿ. ತಲೆ ಇಲ್ಲ, ಮುಖ ಇಲ್ಲ, ಹೆಸರಿಲ್ಲ. ಪಿನ್ನು ಯಾವ ಕಡೆಯಿಂದ ಒಳಗೆ ಹೋಗಿದೆ ಅಂತ ನೋಡುತ್ತಾ ನೋಡುತ್ತಾ ನನಗೆ ಹೊಳೆದದ್ದು ಒಂದೇ: ಇದನ್ನು ಆಕೆ ಕಟ್ಟಿಕೊಂಡದ್ದಲ್ಲ. ಸತ್ತ ಮೇಲೆ ಯಾರೋ ಕೂತು ಬಾಚಿ, ಹೆಣೆದು, ಪಿನ್ನು ಚುಚ್ಚಿದ್ದಾರೆ. ತಾಯಿಯೋ, ತಂಗಿಯೋ, ಮನೆಯ ದಾಸಿಯೋ. ಹದಿನಾರು ಹದಿನೇಳು ಶತಮಾನ ಕಳೆದರೂ ಆ ಕೈಕೆಲಸ ಬಿಚ್ಚಿಕೊಂಡಿಲ್ಲ. ಪಕ್ಕದಲ್ಲಿ ಒಬ್ಬ ತಾಯಿ ತನ್ನ ಮಗುವಿಗೆ ಅದನ್ನು ತೋರಿಸುತ್ತಿದ್ದಳು. ಮಗು ಸುಮ್ನೆ ತನ್ನ ಜಡೆ ಮುಟ್ಟಿ ನೋಡಿಕೊಂಡಿತು.

ಇದು ಸಿಕ್ಕಿದ್ದು 1875ರಲ್ಲಿ, ರೈಲು ನಿಲ್ದಾಣದ ಅಗೆತದಲ್ಲಿ, ಸೀಸದ ಶವಪೆಟ್ಟಿಗೆಯೊಳಗೆ. ಆಗ ರೈಲ್ವೆ ಕೂಲಿಗಳಿಗೆ ಪುರಾತತ್ವದ ಗೊಡವೆ ಇರಲಿಲ್ಲ, ಇರಬೇಕು ಅಂತ ನಿರೀಕ್ಷಿಸುವುದೂ ತಪ್ಪು. ದಿನಕ್ಕೆ ಇಷ್ಟು ಮಣ್ಣು ಎತ್ತಬೇಕು, ಅಷ್ಟೇ. ಅಲ್ಲಿ ಹೋಗಿ ನಿಂತವರು ಜೇಮ್ಸ್ ರೈನ್ ಅನ್ನುವ ಪಾದ್ರಿ. ಊರಿನ ದೊಡ್ಡ ಚರ್ಚು ಮಿನ್‌ಸ್ಟರ್ ಕೆಥೆಡ್ರಲ್‌ನಲ್ಲಿ ಕ್ಯಾನನ್, ಅಂದರೆ ಹಿರಿಯ ಪಾದ್ರಿ, ಆಗಿದ್ದವರು. ತಮ್ಮ ಕೆಲಸದ ನಡುವೆಯೇ ಅವರು ಗೋರಿಗಳ ವಿವರ ಬರೆದುಕೊಂಡರು, ವಸ್ತುಗಳನ್ನು ಮ್ಯೂಸಿಯಂಗೆ ಸಾಗಿಸಿದರು. ಒಬ್ಬರೇ ಮನುಷ್ಯ, ಎದುರಿಗೆ ದೊಡ್ಡ ಸ್ಮಶಾನ. ಹೋದದ್ದೇ ಜಾಸ್ತಿ ಇರಬೇಕು. ಇವತ್ತಿನ ಪುರಾತತ್ವದವರು ಆ ಕಾಲದ ಟಿಪ್ಪಣಿ ಓದಿ ಕೊರಗುತ್ತಾರೆ. ಯಾವ ಗೋರಿ ಎಲ್ಲಿತ್ತು, ಯಾವ ಮೂಳೆ ಯಾವ ಮಡಕೆಯ ಜೊತೆಗಿತ್ತು ಅಂತ ಸರಿಯಾಗಿ ಹೇಳಲು ಆಗುವುದಿಲ್ಲ. ಆದರೂ ರೈನ್ ಇರದಿದ್ದರೆ ಆ ತುರುಬು ಎಲ್ಲಿಗೆ ಹೋಗುತ್ತಿತ್ತು ಅಂತ ಯೋಚಿಸಿದರೆ ಅವರ ಮೇಲಿನ ದೂರೆಲ್ಲ ಸಣ್ಣದಾಗುತ್ತದೆ. ಅವರಂಥವರು ಉಳಿಸಿದ್ದರ ಬೆಲೆ ಈಗಲೂ ಹೆಚ್ಚುತ್ತಲೇ ಇದೆ. ಯಾರ್ಕ್‌ನ ಕೆಲವು ರೋಮನ್ ಶ್ರೀಮಂತರು ಶವದ ಮೇಲೆ ನೀರಾದ ಜಿಪ್ಸಂ ಸುರಿಯುತ್ತಿದ್ದರು. ಅದು ಗಟ್ಟಿಯಾಗಿ, ಒಳಗಿನ ದೇಹ ಕರಗಿ ಹೋದ ಮೇಲೂ ಬಟ್ಟೆಯ ನೆರಿಗೆ, ನೇಯ್ಗೆ ಎಲ್ಲ ಅಚ್ಚಾಗಿ ಉಳಿದಿದೆ. 19ನೇ ಶತಮಾನದಲ್ಲಿ ಎತ್ತಿಟ್ಟ ಆ ಅಚ್ಚುಗಳನ್ನು ಯಾರ್ಕ್ ವಿಶ್ವವಿದ್ಯಾಲಯದವರು ಈಗ ಲೇಸರ್ ಹಾಕಿ ಸ್ಕ್ಯಾನ್ ಮಾಡುತ್ತಿದ್ದಾರೆ. ಒಂದರ ಮೇಲೆ ಜಿಪ್ಸಂ ಬಳಿದವರ ಬೆರಳಿನ ಗುರುತು ಕೂಡ ಕಂಡಿದೆ.

ಮೂವರು ವೈದ್ಯರು

ಯಾರ್ಕ್‌ನ ಹಳೆಯದರ ಬಗ್ಗೆ ಓದುತ್ತಾ ಹೋದರೆ ಒಂದು ವಿಚಿತ್ರ ಗಮನಕ್ಕೆ ಬರುತ್ತದೆ. ಬೇರೆ ಬೇರೆ ಶತಮಾನಗಳಲ್ಲಿ ಈ ಊರನ್ನು ಗಮನವಿಟ್ಟು ನೋಡಿದ ಮೂವರು ಮುಖ್ಯರು ವೈದ್ಯರು. ಮೊದಲನೆಯವರು ಮಾರ್ಟಿನ್ ಲಿಸ್ಟರ್. 17ನೇ ಶತಮಾನದಲ್ಲಿ ಯಾರ್ಕ್‌ನಲ್ಲಿ ವೈದ್ಯರಾಗಿದ್ದರು. ಜೇಡಗಳ ಬಗ್ಗೆ, ಚಿಪ್ಪುಗಳ ಬಗ್ಗೆ ಬರೆದವರು. ಅವರ ಹೆಣ್ಣುಮಕ್ಕಳಿಬ್ಬರು ಚಿಪ್ಪುಗಳ ಚಿತ್ರ ಬರೆದುಕೊಟ್ಟರು, ಆ ಚಿತ್ರಗಳು ಈಗಲೂ ಹೆಸರುವಾಸಿ. ಮ್ಯೂಸಿಯಂ ತೋಟದ ಮೂಲೆಯಲ್ಲಿ ಹಲವು ಮುಖಗಳ ಒಂದು ಗೋಪುರ ನಿಂತಿದೆ, ಮಲ್ಟಾಂಗ್ಯುಲರ್ ಟವರ್ ಅಂತ. ಹತ್ತಿರ ಹೋಗಿ ನೋಡಿ. ಕೆಳಗಡೆ ಅಂಗೈಯಗಲದ ಸಣ್ಣ ಚೌಕ ಕಲ್ಲುಗಳು, ಒಂದರ ಪಕ್ಕ ಒಂದು ಅಚ್ಚುಕಟ್ಟಾಗಿ. ನಡುವೆ ಕೆಂಪು ಇಟ್ಟಿಗೆಯ ಒಂದು ಪಟ್ಟಿ ಸುತ್ತಲೂ ಹಾದು ಹೋಗುತ್ತದೆ. ಅದರ ಮೇಲೆ ಮತ್ತೆ ಸಣ್ಣ ಕಲ್ಲು. ಇನ್ನೂ ಮೇಲೆ ಬೇರೆ ಜಾತಿಯ ದೊಡ್ಡ ಕಲ್ಲುಗಳು, ಬಾಣ ಬಿಡುವ ಸೀಳುಗಳು. ಮೇಲಿನದ್ದು ಮಧ್ಯಯುಗದ್ದು, ಕೆಳಗಿನದ್ದು ರೋಮನ್ನರದ್ದು. ಈಗ ಫಲಕ ಓದಿದ ಯಾರಿಗೂ ಇದು ಗೊತ್ತಾಗುತ್ತದೆ. 1683ರಲ್ಲಿ ಫಲಕ ಇರಲಿಲ್ಲ. ಊರಿನವರಿಗೆಲ್ಲ ಅದೊಂದು ಹಳೇ ಗೋಡೆ. ಲಿಸ್ಟರ್ ಆ ಇಟ್ಟಿಗೆಯ ಪಟ್ಟಿಯನ್ನು ನೋಡಿ, ಕಲ್ಲಿನ ಗಾತ್ರ ನೋಡಿ, ಇದು ರೋಮನ್ನರ ಕೆಲಸ ಅಂತ ಗುರುತಿಸಿ ರಾಯಲ್ ಸೊಸೈಟಿಯ ಪತ್ರಿಕೆಗೆ ಬರೆದರು. ಅಗೆಯಲಿಲ್ಲ, ಒಡೆಯಲಿಲ್ಲ. ಜೇಡದ ಕಾಲು ಎಣಿಸುವ ಕಣ್ಣಿನಿಂದ ಗೋಡೆಯನ್ನು ನೋಡಿದರು. ಪುರಾತತ್ವ ಅಂದರೆ ನನಗೆ ಇಷ್ಟವಾಗುವುದು ಈ ಗುಣ.

ಎರಡನೆಯವರು ಫ್ರಾನ್ಸಿಸ್ ಡ್ರೇಕ್. ಕಡಲಯಾನದ ಡ್ರೇಕ್ ಬೇರೆ, ಇವರು ಯಾರ್ಕ್ ನಗರದ ಸರ್ಜನ್. 1736ರಲ್ಲಿ 'ಎಬೊರಾಕಮ್' ಅನ್ನುವ ದಪ್ಪ ಗ್ರಂಥ ತಂದರು. ಯಾರ್ಕ್‌ಗೆ ರೋಮನ್ನರು ಇಟ್ಟ ಹೆಸರು ಅದು. ಊರಿನ ರೋಮನ್ ಅವಶೇಷದಿಂದ ಹಿಡಿದು ಚರ್ಚುಗಳು, ಅಧಿಕಾರಿಗಳ ಪಟ್ಟಿ, ಸಮಾಧಿ ಬರಹಗಳವರೆಗೆ ಕೈಗೆ ಸಿಕ್ಕಿದ್ದನ್ನೆಲ್ಲ ಸೇರಿಸಿದರು. ಓದಲು ಸುಲಭದ ಪುಸ್ತಕ ಅಲ್ಲ. ಆದರೆ ಆಮೇಲೆ ಅಳಿಸಿಹೋದ ಎಷ್ಟೋ ಬರಹಗಳು ಅದರಲ್ಲಿ ಉಳಿದಿವೆ.

ಮೂರನೆಯವರು ವಿಲಿಯಂ ಆರ್ಥರ್ ಎವೆಲಿನ್. ನನಗೆ ಈ ಮೂವರಲ್ಲಿ ತುಂಬ ಹತ್ತಿರದವರು ಇವರೇ. 1935ರಲ್ಲಿ ತೀರಿಕೊಂಡರು, ಹಾಗಾಗಿ ನಮ್ಮ ಕಾಲಕ್ಕೂ ಸ್ವಲ್ಪ ಹತ್ತಿರ. ಯಾರ್ಕ್‌ನ ಬೀದಿಗಳನ್ನು ಅಗಲ ಮಾಡಲು ಹಳೆಯ ಮನೆಗಳನ್ನು ಕೆಡವುತ್ತಿದ್ದ ಕಾಲ ಅದು. ಎವೆಲಿನ್ ಬೀದಿಬೀದಿಯ ಫೋಟೋಗಳನ್ನು ತೆಗೆಸಿ, ಸಂಗ್ರಹಿಸಿ, ಗಾಜಿನ ಸ್ಲೈಡ್ ಮಾಡಿಸಿದರು. ಸಂಜೆ ಹೊತ್ತು ಲಾಂದ್ರದ ಪ್ರೊಜೆಕ್ಟರ್ ಇಟ್ಟುಕೊಂಡು ಊರಿನವರಿಗೆ ತೋರಿಸಿ ಮಾತಾಡುತ್ತಿದ್ದರು. ಯಾವ ಮನೆ ಹೋಗಿದೆ, ಯಾವುದು ಹೋಗಲಿದೆ, ಯಾಕೆ ಉಳಿಸಬೇಕು ಅಂತ. ನಗರಸಭೆಯ ಜೊತೆ ಜಗಳವಾಡಿದರು, ಕೆಲವು ಸಲ ಗೆದ್ದರು, ಹಲವು ಸಲ ಸೋತರು. ಸಾವಿರಾರು ಚಿತ್ರಗಳ ಆ ಸಂಗ್ರಹ ಈಗ ಸ್ಥಳೀಯ ಪುರಾತತ್ವ ಸಂಘದ ಬಳಿ ಇದೆ. 1842ರಿಂದ ನಡೆದುಕೊಂಡು ಬಂದಿರುವ ಸಂಘ ಅದು. ಅಗಲವಾದ ರಸ್ತೆಯಲ್ಲಿ ನಿಂತು ಆ ಹಳೆಯ ಚಿತ್ರ ನೋಡಿದರೆ ಎದೆ ಭಾರವಾಗುತ್ತದೆ. ಬಾಗಿಲ ಮುಂದೆ ಏಪ್ರನ್ ಕಟ್ಟಿಕೊಂಡು ನಿಂತ ಹೆಂಗಸರು, ಕ್ಯಾಮೆರಾ ನೋಡಲು ಓಡಿ ಬಂದ ಹುಡುಗರು. ಮನೆಯೂ ಇಲ್ಲ, ಬಾಗಿಲೂ ಇಲ್ಲ.

ಊರಿನ ಸುತ್ತಲಿನ ಕೋಟೆಗೋಡೆಯೂ ಹೀಗೇ ಹೋಗಬೇಕಿತ್ತು. ಇವತ್ತು ಪ್ರವಾಸಿಗಳೆಲ್ಲ ಅದರ ಮೇಲೆ ನಡೆದು ಸಂತೋಷಪಡುತ್ತಾರೆ, ಅಲ್ವಾ? 1800ರಲ್ಲಿ ನಗರಸಭೆಯೇ ಅದನ್ನು ಕೆಡವಲು ಅನುಮತಿ ಕೇಳಿತ್ತು. ರಿಪೇರಿಗೆ ಖರ್ಚು, ಗಾಡಿಗಳಿಗೆ ಅಡ್ಡ. ಹೆಬ್ಬಾಗಿಲುಗಳ ಮುಂದಿನ ಕಾವಲು ಕಟ್ಟಡಗಳು ಒಂದೊಂದಾಗಿ ಹೋದವು, ವಾಮ್‌ಗೇಟ್ ಬಾಗಿಲಿನದ್ದು ಮಾತ್ರ ಉಳಿಯಿತು. ಜನ ಎದ್ದು ನಿಂತರು. ಈ ಊರಲ್ಲೇ ಹುಟ್ಟಿದ ಚಿತ್ರಕಾರ ವಿಲಿಯಂ ಎಟ್ಟಿ ಉಳಿಸಿ ಅಂತ ದನಿ ಎತ್ತಿದರು. ಊರಿನವರು ಚಂದಾ ಎತ್ತಿ ಗೋಡೆಯ ಕಾಲುದಾರಿ ರಿಪೇರಿ ಮಾಡಿಸಿದರು. ಅದೇ ಕಾಲದಲ್ಲೇ, 1822ರಲ್ಲಿ, ಯಾರ್ಕ್‌ಷೈರ್ ಫಿಲಸಾಫಿಕಲ್ ಸೊಸೈಟಿ ಹುಟ್ಟಿತು. ಕರ್ಕ್‌ಡೇಲ್ ಅನ್ನುವಲ್ಲಿ ಗುಹೆಯೊಂದರಲ್ಲಿ ಕತ್ತೆಕಿರುಬದ ಹಳೆಯ ಮೂಳೆಗಳು ಸಿಕ್ಕಿದ್ದವು. ಅವನ್ನು ಒಂದೆಡೆ ಇಡಬೇಕು ಅಂತ ಸೇರಿದ ಕೆಲವರಿಂದ ಶುರುವಾದ ಸಂಘ. 1830ರಲ್ಲಿ ಮ್ಯೂಸಿಯಂ ತೆರೆಯಿತು. ಅಲ್ಲಿ ಪ್ರಾಚೀನ ವಸ್ತುಗಳನ್ನು ನೋಡಿಕೊಂಡವರು ಚಾರ್ಲ್ಸ್ ವೆಲ್‌ಬಿಲವ್ಡ್, ಅವರೂ ಒಬ್ಬ ಪಾದ್ರಿಯೇ. ಸಂಬಳಕ್ಕೆ ಈ ಕೆಲಸ ಮಾಡಿದವರು ಆ ಕಾಲದಲ್ಲಿ ಬಹಳ ಕಡಿಮೆ.

ಗೋಪುರದ ಕೆಳಗೆ

1960ರ ದಶಕದಲ್ಲಿ ಯಾರ್ಕ್ ಮಿನ್‌ಸ್ಟರ್‌ನ ನಡುಗೋಪುರ ಬಿರುಕು ಬಿಡುತ್ತಿದೆ ಅಂತ ಗೊತ್ತಾಯಿತು. ಸುಮಾರು 16,000 ಟನ್ ಭಾರದ ಗೋಪುರ. ಕೆಳಗಿನ ಅಡಿಪಾಯ ಅಷ್ಟು ಭಾರ ಹೊರುವ ಸ್ಥಿತಿಯಲ್ಲಿರಲಿಲ್ಲ. ವಾಸ್ತುಶಿಲ್ಪಿ ಬರ್ನಾರ್ಡ್ ಫೀಲ್ಡನ್ ನೇತೃತ್ವದಲ್ಲಿ 1967ರಿಂದ 1972ರವರೆಗೆ ಕೆಲಸ ನಡೆಯಿತು. ಹಳೆಯ ಅಡಿಪಾಯದ ಸುತ್ತ ಕಾಂಕ್ರೀಟ್ ಕಟ್ಟಿ, ಸ್ಟೀಲ್ ಸರಳುಗಳನ್ನು ತೂರಿಸಿ ಬಿಗಿದರು. ಅದಕ್ಕಾಗಿ ಕೆಥೆಡ್ರಲ್‌ನ ಕೆಳಗೆ ಮಣ್ಣು ತೆಗೆಯಲೇಬೇಕಿತ್ತು. ತೆಗೆದರೆ ಕೆಳಗೆ ರೋಮನ್ ಸೈನ್ಯದ ಕೇಂದ್ರ ಕಚೇರಿ! ಕ್ರಿ.ಶ. 71ರಲ್ಲಿ ಶುರುವಾದ ಕೋಟೆಯ ಹೃದಯಭಾಗ. 306ರಲ್ಲಿ ಕಾನ್‌ಸ್ಟಂಟೈನ್‌ನನ್ನು ಸೈನಿಕರು ಚಕ್ರವರ್ತಿ ಅಂತ ಘೋಷಿಸಿದ್ದು ಇದೇ ಊರಿನಲ್ಲಿ. ಎಂಜಿನಿಯರುಗಳಿಗೆ ಆತುರ, ಪುರಾತತ್ವದವರಿಗೆ ಸಮಯ ಬೇಕು. ತಲೆಯ ಮೇಲೆ ಬಿರುಕು ಬಿಟ್ಟ ಗೋಪುರ. ಅಂಥ ಕಡೆ ಕೂತು, ದೀಪದ ಬೆಳಕಿನಲ್ಲಿ, ಮಣ್ಣಿನ ಪದರ ಪದರ ಬಿಡಿಸಿ ನಕ್ಷೆ ಬರೆದವರ ಧೈರ್ಯ ದೊಡ್ಡದು. ಅವರು ಹುಡುಕುತ್ತಿದ್ದ ಇನ್ನೊಂದು ಕಟ್ಟಡ, 1066ರಲ್ಲಿ ಇಂಗ್ಲೆಂಡ್ ಗೆದ್ದ ನಾರ್ಮನ್ನರಿಗಿಂತ ಹಿಂದಿನ ಮಿನ್‌ಸ್ಟರ್, ಅಲ್ಲಿ ಸಿಗಲಿಲ್ಲ. ಆ ಕಾಲದ ಗೋರಿಗಳು ಮಾತ್ರ ಸಿಕ್ಕವು. ಇಲ್ಲಿ ಇಲ್ಲ ಅಂತ ಗೊತ್ತಾಗಿದ್ದೂ ಒಂದು ಗಳಿಕೆಯೇ.

ಆ ನೆಲಮಾಳಿಗೆಗೆ ಈಗ ಇಳಿದು ನೋಡಬಹುದು. ಬಣ್ಣ ಬಳಿದ ರೋಮನ್ ಗೋಡೆಯ ಗಾರೆಯ ಚೂರುಗಳನ್ನು ಜೋಡಿಸಿಟ್ಟಿದ್ದಾರೆ. ಒಂದು ಕಡೆ ರೋಮನ್ ಕಾಲುವೆಯಲ್ಲಿ ಇವತ್ತಿಗೂ ನೀರು ಹರಿಯುತ್ತದೆ. ಅದರ ಪಕ್ಕದಲ್ಲೇ 20ನೇ ಶತಮಾನದ ಕಾಂಕ್ರೀಟು ಮತ್ತು ಸ್ಟೀಲ್ ನಟ್ಟುಗಳು. ನನಗೆ ಆ ನಟ್ಟುಗಳೂ ಚೆಂದವೇ ಕಂಡವು. ಅವುಗಳನ್ನು ಮರೆಮಾಚದೆ ಬಿಟ್ಟದ್ದು ಒಳ್ಳೆಯದಾಯಿತು. ಹೊರಗಡೆ ದಕ್ಷಿಣ ಬಾಗಿಲಿನ ಎದುರು ಒಂದು ರೋಮನ್ ಕಂಬ ನಿಲ್ಲಿಸಿದ್ದಾರೆ. 1969ರಲ್ಲಿ ಕೆಳಗೆ ಉರುಳಿಬಿದ್ದ ಜಾಗದಲ್ಲೇ ಸಿಕ್ಕಿದ್ದು. ಊರಿಗೆ 1,900 ವರ್ಷ ತುಂಬಿದ ನೆನಪಿಗೆ 1971ರಲ್ಲಿ ಅದನ್ನು ಎತ್ತಿ ನಿಲ್ಲಿಸಿದರು.

ಕಾಪರ್‌ಗೇಟ್‌ನ ಕೆಸರು

1972ರಲ್ಲಿ ಯಾರ್ಕ್ ಆರ್ಕಿಯಲಾಜಿಕಲ್ ಟ್ರಸ್ಟ್ ಶುರುವಾಯಿತು. ಪೀಟರ್ ಆಡಿಮನ್ ಅದರ ಮೊದಲ ನಿರ್ದೇಶಕರು. ಊರಿನ ಒಳಗೆ ವರ್ತುಲ ರಸ್ತೆ ಮಾಡುವ ಯೋಜನೆ ಬಂದಿತ್ತು, ಎಲ್ಲೆಲ್ಲೂ ಹೊಸ ಕಟ್ಟಡಗಳ ಮಾತು. ಎಲ್ಲ ಹೋಗುವ ಮೊದಲು ದಾಖಲಿಸಬೇಕು ಅನ್ನುವ ಆತಂಕದಿಂದ ಹುಟ್ಟಿದ ಸಂಸ್ಥೆ. ಆ ರಸ್ತೆ ಆಗಲಿಲ್ಲ, ಜನ ಬಿಡಲಿಲ್ಲ. ಆದರೆ ಅದೇ ವರ್ಷ ಚರ್ಚ್ ಸ್ಟ್ರೀಟ್‌ನಲ್ಲಿ ಮನುಷ್ಯ ತೆವಳಿಕೊಂಡು ಹೋಗಬಹುದಾದ ರೋಮನ್ ಚರಂಡಿ ಸಿಕ್ಕಿತು. ಪೇವ್‌ಮೆಂಟ್ ಅನ್ನುವ ಬೀದಿಯಲ್ಲಿ ಬ್ಯಾಂಕ್ ಕಟ್ಟಡ ಕಟ್ಟುವಾಗ ಒಬ್ಬ ವೈಕಿಂಗನ, ಅಂದರೆ ಸಾವಿರ ವರ್ಷದ ಹಿಂದೆ ಸ್ಕ್ಯಾಂಡಿನೇವಿಯದಿಂದ ಬಂದು ಇಲ್ಲಿ ನೆಲೆಸಿದವರಲ್ಲೊಬ್ಬನ, ಮಲ ಸಿಕ್ಕಿತು. ಹೌದು, ಮಲವೇ. 20 ಸೆಂಟಿಮೀಟರ್ ಉದ್ದ, ಗಟ್ಟಿಯಾಗಿ ಹಾಗೇ ಉಳಿದಿದೆ, ಈಗ ಗಾಜಿನ ಪೆಟ್ಟಿಗೆಯಲ್ಲಿದೆ. ಜನ ಮೂಗು ಮುಚ್ಚಿಕೊಂಡು ನಗುತ್ತಾರೆ. ಆದರೆ ಅದರಲ್ಲಿ ಏನಿದೆ ಅಂತ ಕೇಳಿ. ಮಾಂಸ ಮತ್ತು ಧಾನ್ಯ ತಿಂದ ಗುರುತು, ಹೊಟ್ಟೆಹುಳುಗಳ ಲೆಕ್ಕವಿಲ್ಲದಷ್ಟು ಮೊಟ್ಟೆಗಳು. ಆ ಮನುಷ್ಯನಿಗೆ ದಿನಾ ಹೊಟ್ಟೆನೋವು ಇದ್ದಿರಬೇಕು. ಯಾವ ರಾಜನ ಶಾಸನವೂ ಇದನ್ನು ಹೇಳುವುದಿಲ್ಲ.

ಇದೆಲ್ಲ ಉಳಿದದ್ದು ಹೇಗೆ? ಯಾರ್ಕ್‌ನ ನೆಲ ಊಸ್ ಮತ್ತು ಫಾಸ್ ನದಿಗಳ ನಡುವೆ ಇದೆ. ಕೆಳಗಿನ ಪದರಗಳು ಸದಾ ನೀರು ಕುಡಿದು ಒದ್ದೆಯಾಗಿರುತ್ತವೆ. ಗಾಳಿ ಒಳಗೆ ಹೋಗುವುದಿಲ್ಲ. ಗಾಳಿ ಇಲ್ಲದಿದ್ದರೆ ಕೊಳೆಸುವ ಸೂಕ್ಷ್ಮಜೀವಿಗಳ ಆಟ ನಡೆಯುವುದಿಲ್ಲ. ಹಾಗಾಗಿ ಬೇರೆ ಕಡೆ ಮಣ್ಣಾಗಿ ಹೋಗುವ ಮರ, ಚರ್ಮ, ಉಣ್ಣೆ, ಬೀಜ, ಜೀರುಂಡೆಯ ರೆಕ್ಕೆ ಇಲ್ಲಿ ಉಳಿದಿವೆ. 1976ರಿಂದ 1981ರವರೆಗೆ ಕಾಪರ್‌ಗೇಟ್‌ನಲ್ಲಿ, ಹಳೆಯ ಮಿಠಾಯಿ ಕಾರ್ಖಾನೆ ಇದ್ದ ಜಾಗದಲ್ಲಿ, ದೊಡ್ಡ ಅಗೆತ ನಡೆಯಿತು. ಅಲ್ಲಿ ಕೆಲವು ಕಡೆ ಒಂಬತ್ತು ಮೀಟರ್ ದಪ್ಪದ ಪದರಗಳು. ವೈಕಿಂಗ್ ಕಾಲದ ಒಂದು ಬೀದಿಯೇ ಎದ್ದು ಬಂತು. ತಡಿಕೆ ಗೋಡೆಯ ಮನೆಗಳು, ಕಡೆದು ಮಾಡಿದ ಮರದ ಬಟ್ಟಲುಗಳು, ಚರ್ಮದ ಚಪ್ಪಲಿಗಳು, ಒಂದು ರೇಷ್ಮೆ ಟೋಪಿ, ಒಂದೇ ಒಂದು ಉಣ್ಣೆಯ ಕಾಲುಚೀಲ. ಸುಮಾರು 40,000 ವಸ್ತುಗಳು, ಜೊತೆಗೆ ಟನ್‌ಗಟ್ಟಲೆ ಪ್ರಾಣಿಗಳ ಮೂಳೆ. ಲಕ್ಷಾಂತರ ಜನ ದುಡ್ಡು ಕೊಟ್ಟು ಅಟ್ಟಣಿಗೆಯ ಮೇಲೆ ನಿಂತು ಆ ಅಗೆತ ನೋಡಿದರು. 1984ರಲ್ಲಿ ಅದೇ ಜಾಗದಲ್ಲಿ ಯೋರ್ವಿಕ್ ವೈಕಿಂಗ್ ಸೆಂಟರ್ ತೆರೆಯಿತು.

ಆ ಅಗೆತದಲ್ಲಿ ಸ್ವಯಂಸೇವಕರಾಗಿದ್ದ ಒಬ್ಬ ಹಿರಿಯರನ್ನು ಯಾರ್ಕ್‌ನ ಒಂದು ಉಪನ್ಯಾಸ ಮುಗಿದ ಮೇಲೆ ಚಹಾ ಕುಡಿಯುತ್ತಾ ಭೇಟಿಯಾಗಿದ್ದೆ. ಆಗ ಅವರು ಕಾಲೇಜು ಹುಡುಗ. "ನನಗೆ ಅಗೆಯಲು ಕೊಡಲಿಲ್ಲ, ತೊಳೆಯಲು ಕೊಟ್ಟರು" ಅಂದರು. ಬಕೆಟ್ಟು, ಹಲ್ಲುಜ್ಜುವ ಬ್ರಷ್ಷು, ತಟ್ಟೆ. ಮೂಳೆ ತೊಳೆಯುವುದು, ಒಣಗಿಸುವುದು, ಎಲ್ಲಿ ಸಿಕ್ಕಿತು ಅನ್ನುವ ಸಂಖ್ಯೆಯನ್ನು ಸಣ್ಣ ಅಕ್ಷರದಲ್ಲಿ ಬರೆಯುವುದು. ಇಡೀ ಬೇಸಿಗೆ ಇದೇ ಕೆಲಸ. ಬೇಜಾರಾಗಲಿಲ್ವಾ ಅಂತ ಕೇಳಿದೆ. ಅವರು ತಲೆ ಅಲ್ಲಾಡಿಸಿದರು. ಒಂದು ದಿನ ತಟ್ಟೆಯಲ್ಲಿ ಒಂದು ಚಪ್ಪಲಿಯ ಅಟ್ಟೆ ಬಂತಂತೆ, ಚರ್ಮ ಕಪ್ಪಗಾಗಿ ಮೆತ್ತಗಿತ್ತು. ಹಿಮ್ಮಡಿಯ ಒಂದು ಬದಿ ಸವೆದಿತ್ತು. "ಆ ಮನುಷ್ಯ ಕಾಲು ಸ್ವಲ್ಪ ಎಳೆದುಕೊಂಡು ನಡೀತಿದ್ದ" ಅಂತ ಹೇಳಿ, ಎದ್ದು ನಿಂತು, ಆ ಚಹಾ ಮೇಜಿನ ಪಕ್ಕದಲ್ಲೇ ನಾಲ್ಕು ಹೆಜ್ಜೆ ಹಾಗೆ ನಡೆದು ತೋರಿಸಿದರು. ಎಪ್ಪತ್ತು ದಾಟಿದವರು. ಅವರ ಮುಖದಲ್ಲಿದ್ದ ಖುಷಿ ನೋಡಿ ನನಗೆ ಅವರ ಮೇಲೆ ಪ್ರೀತಿ ಉಕ್ಕಿತು. ಸಾವಿರ ವರ್ಷದ ಹಿಂದಿನ ಒಬ್ಬ ಅನಾಮಿಕನ ನಡಿಗೆ ಇವರ ಕಾಲಿನಲ್ಲಿ ಇನ್ನೂ ಇದೆ. ದೊಡ್ಡ ಪುಸ್ತಕಗಳಲ್ಲಿ ಅವರ ಹೆಸರು ಎಲ್ಲೂ ಇರಲಿಕ್ಕಿಲ್ಲ.

ಅಧಿಕೃತ ಅಗೆತ ಮುಗಿದ ಮೇಲೆ, 1982ರಲ್ಲಿ, ಅಂಗಡಿಸಾಲು ಕಟ್ಟುವವರ ಯಂತ್ರ ಮಣ್ಣು ಎತ್ತುತ್ತಿತ್ತು. ಬಕೆಟ್ ಏನಕ್ಕೋ ತಗುಲಿತು. ಯಂತ್ರ ನಡೆಸುತ್ತಿದ್ದವರು ನಿಲ್ಲಿಸಿ ಇಳಿದು ನೋಡಿದರು. ಅದು 8ನೇ ಶತಮಾನದ ಶಿರಸ್ತ್ರಾಣ. ಕಬ್ಬಿಣ ಮತ್ತು ಹಿತ್ತಾಳೆಯದ್ದು, ಮೂಗಿನ ಮೇಲೆ ಬರುವ ಪಟ್ಟಿಯಲ್ಲಿ ಹೆಣೆದುಕೊಂಡ ಪ್ರಾಣಿಗಳು, ತಲೆಯ ಮೇಲಿನ ಪಟ್ಟಿಯಲ್ಲಿ ಓಷೆರೆ ಅನ್ನುವವನ ಹೆಸರಿರುವ ಲ್ಯಾಟಿನ್ ಪ್ರಾರ್ಥನೆ. ಇಂಗ್ಲೆಂಡಿನಲ್ಲಿ ಸಿಕ್ಕ ಆ ಕಾಲದ ಶಿರಸ್ತ್ರಾಣಗಳಲ್ಲಿ ಇಷ್ಟು ಚೆನ್ನಾಗಿ ಉಳಿದದ್ದು ಇನ್ನೊಂದಿಲ್ಲ. ಯಂತ್ರದ ಸದ್ದಿನಲ್ಲಿ, ಸಂಜೆಯೊಳಗೆ ಕೆಲಸ ಮುಗಿಸುವ ಒತ್ತಡದಲ್ಲಿ, ಆ ಮನುಷ್ಯ ನಿಲ್ಲಿಸಿದರಲ್ಲ, ಲಿಸ್ಟರ್ ಮತ್ತು ರೈನ್ ಸಾಲಿನಲ್ಲಿ ನಾನು ಅವರನ್ನೂ ಇಡುತ್ತೇನೆ.

ನೂರಕ್ಕೆ ಐದು

ಈಗ ಯಾರ್ಕ್‌ನಲ್ಲಿ ನಿಯಮ ಬೇರೆ. 1980ರ ದಶಕದ ಕೊನೆಯಲ್ಲಿ ಮಿಕಲ್‌ಗೇಟ್ ಬೀದಿಯ ಕ್ವೀನ್ಸ್ ಹೋಟೆಲ್ ಇದ್ದ ಜಾಗದಲ್ಲಿ ದೊಡ್ಡ ರೋಮನ್ ಗೋಡೆಗಳು ಸಿಕ್ಕು ದೊಡ್ಡ ರಗಳೆಯಾಯಿತು. ಅದೇ ಸಮಯಕ್ಕೆ ಲಂಡನ್‌ನಲ್ಲಿ ಶೇಕ್ಸ್‌ಪಿಯರ್ ಕಾಲದ ರೋಸ್ ರಂಗಮಂದಿರದ ಅವಶೇಷ ಉಳಿಸಬೇಕು ಅನ್ನುವ ಗಲಾಟೆ. 1990ರಲ್ಲಿ ಸರ್ಕಾರ ಹೊಸ ಮಾರ್ಗಸೂಚಿ ತಂದಿತು. ಕಟ್ಟುವ ಮೊದಲೇ ಕೆಳಗೆ ಏನಿದೆ ಅಂತ ನೋಡಬೇಕು, ಆ ಖರ್ಚು ಕಟ್ಟುವವರದ್ದು. ಯಾರ್ಕ್ ಇನ್ನೊಂದು ಹೆಜ್ಜೆ ಮುಂದೆ ಹೋಯಿತು. ಹೊಸ ಕಟ್ಟಡ ತನ್ನ ಜಾಗದ ಕೆಳಗಿನ ಪುರಾತತ್ವದ ಪದರಗಳಲ್ಲಿ ನೂರಕ್ಕೆ ಐದು ಭಾಗಕ್ಕಿಂತ ಹೆಚ್ಚು ಹಾಳು ಮಾಡಬಾರದು. ಉಳಿದ 95 ಭಾಗ ನೆಲದಲ್ಲೇ ಇರಲಿ. ಕಂಬದಂತೆ ಆಳಕ್ಕೆ ಇಳಿಸುವ ಪೈಲ್‌ಗಳ ಮೇಲೆ ಕಟ್ಟಡ ನಿಲ್ಲಿಸಿದರೆ ಇದು ಆಗುತ್ತದೆ.

ಮೊದಲು ಓದಿದಾಗ ನನಗೆ ಇದು ತುಂಬ ನ್ಯಾಯವಾದ ನಿಯಮ ಅನ್ನಿಸಿತ್ತು. ಈಗಲೂ ಒಟ್ಟಾರೆ ಒಳ್ಳೆಯದೇ ಅನ್ನುತ್ತೇನೆ. ಆದರೆ ಎರಡು ಮಾತು ಮನಸ್ಸಿನಲ್ಲಿದೆ. ಒಂದು, ಈ ನೆಲವನ್ನು ಕಾಪಾಡುತ್ತಿರುವುದು ನೀರು. ಪೈಲ್ ಇಳಿದ ಮೇಲೆ, ಮೇಲೆಲ್ಲ ಕಾಂಕ್ರೀಟ್ ಹಾಸಿದ ಮೇಲೆ, ಮಳೆನೀರು ಬೇರೆ ದಾರಿ ಹಿಡಿದರೆ ಕೆಳಗಿನ ಪದರ ಒಣಗಬಹುದು. ಒಣಗಿದರೆ ಗಾಳಿ ನುಗ್ಗುತ್ತದೆ. ಆಗ ನಾವು ಮುಟ್ಟದೆ ಬಿಟ್ಟ 95 ಭಾಗ ಯಾರ ಕಣ್ಣಿಗೂ ಬೀಳದೆ ಕೊಳೆತುಹೋಗುತ್ತದೆ. ಬಾಗಿಲು ಹಾಕಿ ಬೀಗ ಜಡಿದರೆ ಸಾಲದು, ಒಳಗಿನ ತೇವವನ್ನೂ ಅಳೆಯುತ್ತಿರಬೇಕು. ಎರಡು, ಪೈಲ್ ಇಳಿಸುವ ಜಾಗದಲ್ಲಿ ತೋಡುವ ಸಣ್ಣ ಕಿಂಡಿಗಳಿಂದ ಒಂದು ಬೀದಿ, ಒಂದು ಮನೆ ಕಾಣುವುದಿಲ್ಲ. ಕಾಪರ್‌ಗೇಟ್‌ನಂಥ ದೊಡ್ಡ ಅಗೆತ ಇರದಿದ್ದರೆ ವೈಕಿಂಗ್ ಯಾರ್ಕ್ ನಮಗೆ ಹೀಗೆ ಗೊತ್ತಾಗುತ್ತಿರಲಿಲ್ಲ. ಜೊತೆಗೆ, ಕಟ್ಟುವವರು ದುಡ್ಡು ಕೊಟ್ಟು ಕೆಲಸ ಮಾಡಿಸುವಾಗ ತಗಡಿನ ಬೇಲಿಯ ಒಳಗೆ ಹೆಲ್ಮೆಟ್ ಹಾಕಿದವರಿಗೆ ಮಾತ್ರ ಪ್ರವೇಶ. ವರದಿ ಬರುತ್ತದೆ, ಎಲ್ಲೋ ಸೇರುತ್ತದೆ. ಊರಿನ ಹುಡುಗ ಬಂದು ಮೂಳೆ ತೊಳೆಯುವ ಜಾಗ ಅಲ್ಲಿಲ್ಲ. 2006ರಿಂದ 2011ರವರೆಗೆ ಹಂಗೇಟ್‌ನಲ್ಲಿ ನಡೆದ ಅಗೆತದಲ್ಲಿ ಶಾಲೆಯವರನ್ನೂ ಊರಿನವರನ್ನೂ ಸೇರಿಸಿಕೊಂಡಿದ್ದರು. ಅಂಥದ್ದು ಇನ್ನೂ ಜಾಸ್ತಿ ಬೇಕು ಅಂತ ನಾನು ಬಲವಾಗಿ ನಂಬುತ್ತೇನೆ.

ಇನ್ನೊಂದು ಕಡೆ ಕೂಡ ದುಡ್ಡು ಬೇಕು. ಗೋದಾಮಿಗೆ. ಮ್ಯೂಸಿಯಂಗಳಲ್ಲಿ ಜನ ನೋಡುವುದು ಸ್ವಲ್ಪ, ಕಪಾಟುಗಳ ಹಿಂದಿರುವುದು ರಾಶಿ. ಆ ರಾಶಿಗೆ ಯಾಕೆ ಖರ್ಚು ಅಂತ ಕೇಳುವವರಿಗೆ ನಾನು ಇಬ್ಬರ ಕಥೆ ಹೇಳುತ್ತೇನೆ. 1901ರಲ್ಲಿ ಸಿಕಮೋರ್ ಟೆರೇಸ್ ಅನ್ನುವಲ್ಲಿ 4ನೇ ಶತಮಾನದ ಒಬ್ಬ ಯುವತಿಯ ಕಲ್ಲಿನ ಶವಪೆಟ್ಟಿಗೆ ಸಿಕ್ಕಿತು. ದಂತದ ಬಳೆ, ಕಪ್ಪು ಜೆಟ್ ಬಳೆ, ನೀಲಿ ಗಾಜಿನ ಹೂಜಿ, ಒಂದು ಕನ್ನಡಿ, ಮತ್ತು ತಂಗಿಗೆ ಶುಭ ಕೋರುವ ಲ್ಯಾಟಿನ್ ಮಾತು ಕೊರೆದ ಮೂಳೆಯ ಪಟ್ಟಿ. ಬಳೆಗಳು ಹೆಸರು ಮಾಡಿದವು, ಮೂಳೆ ಸುಮ್ಮನೆ ಕಾಯುತ್ತಿತ್ತು. 2010ರಲ್ಲಿ ರೆಡಿಂಗ್ ವಿಶ್ವವಿದ್ಯಾಲಯದವರು ತಲೆಬುರುಡೆಯ ಅಳತೆ ಮತ್ತು ಹಲ್ಲಿನ ರಾಸಾಯನಿಕ ಪರೀಕ್ಷೆ ಮಾಡಿದಾಗ, ಆಕೆಯ ಪೂರ್ವಜರಲ್ಲಿ ಕೆಲವರು ಉತ್ತರ ಆಫ್ರಿಕಾದವರಿರಬಹುದು ಅಂತ ತಿಳಿಯಿತು. ರೋಮನ್ ಬ್ರಿಟನ್ನಿನ ಶ್ರೀಮಂತರು ಹೇಗಿದ್ದರು ಅನ್ನುವ ಹಳೆಯ ಕಲ್ಪನೆಯೇ ಅಲುಗಾಡಿತು. ಇನ್ನೊಬ್ಬ ಡ್ರಿಫೀಲ್ಡ್ ಟೆರೇಸ್‌ನವನು. 2004ರಲ್ಲಿ ಅಲ್ಲಿ ಒಂದು ಮನೆಯ ತೋಟದಲ್ಲಿ ಅಗೆದಾಗ ಸುಮಾರು 80 ಜನರ ಗೋರಿಗಳು ಸಿಕ್ಕವು. ಹೆಚ್ಚಿನವರು ಗಟ್ಟಿಮುಟ್ಟಾದ ಯುವಕರು, ಅನೇಕರ ತಲೆ ಕಡಿದಿತ್ತು. ಗ್ಲಾಡಿಯೇಟರುಗಳೋ ಸೈನಿಕರೋ ಅನ್ನುವ ವಾದ ಇನ್ನೂ ಮುಗಿದಿಲ್ಲ. ಅವರಲ್ಲೊಬ್ಬನ ಸೊಂಟದ ಮೂಳೆಯಲ್ಲಿ ಹಲ್ಲಿನ ಗುರುತುಗಳಿದ್ದವು. 2025ರಲ್ಲಿ ಅವುಗಳನ್ನು ಮೃಗಾಲಯದ ಪ್ರಾಣಿಗಳ ಕಡಿತದ ಗುರುತುಗಳ ಜೊತೆ ಹೋಲಿಸಿ, ಅದು ಸಿಂಹದ ಕಡಿತ ಅಂತ ವಿಜ್ಞಾನಿಗಳು ತೋರಿಸಿದರು. ಸಂಖ್ಯೆ ಬರೆದು ಡಬ್ಬದಲ್ಲಿ ಜೋಪಾನ ಮಾಡಿದ್ದರಿಂದ ಇದು ಸಾಧ್ಯವಾಯಿತು.

ಯಾರ್ಕ್‌ಗೆ ಹೋಗುವವರಿದ್ದರೆ ಒಂದು ಸಲಹೆ. ಮಿನ್‌ಸ್ಟರ್‌ಗೆ ಓಡುವ ಮೊದಲು ಮ್ಯೂಸಿಯಂ ತೋಟಕ್ಕೆ ಹೋಗಿ, ಟಿಕೆಟ್ ಬೇಕಾಗಿಲ್ಲ. ಲಿಸ್ಟರ್ ನೋಡಿದ ಆ ಕೆಂಪು ಇಟ್ಟಿಗೆ ಪಟ್ಟಿಯನ್ನು ಹುಡುಕಿ, ಗೋಪುರದ ಒಳಗೆ ಸಾಲಾಗಿ ಇಟ್ಟಿರುವ ಕಲ್ಲಿನ ಶವಪೆಟ್ಟಿಗೆಗಳನ್ನು ನೋಡಿ. ಆಮೇಲೆ ಮ್ಯೂಸಿಯಂ ಒಳಗೆ ಹೋದರೆ ಅಲ್ಲಿರುವ ಸ್ವಯಂಸೇವಕರನ್ನು ಮಾತಾಡಿಸಿ. ಅವರು ಹೇಳುವಷ್ಟು ಫಲಕಗಳಲ್ಲಿ ಬರೆದಿರುವುದಿಲ್ಲ. ಕೇಳಿದರೆ ಬಹಳ ಖುಷಿಯಿಂದ ಹೇಳುತ್ತಾರೆ.